ಹಸಿ ಹೊಲಕ್ಕ ಟ್ರ್ಯಾಕ್ಟರ್ ಬ್ಯಾಡ ಅಂದಾಗಿನಿಂದ

ಅಪ್ಪ ಸಾಯೂ ಮುಂಚೆ ಮೋರಟಗಿ ದಾರಿಗಿರೋ ಎಂಟೆಕರೆ ಕರಿ ಎರಿಮಣ್ಣಿನ ಹೊಲ ನನಗೂ ನನ್ನ ತಮ್ಮಗೂ ಸಮ ಹಂಚಿಕೊಟ್ಟ. ನಡುವ ಒಂದ ಬದು. ಗಂಡ ತೀರಿದ ಮ್ಯಾಲ ಊರಿಗೆ ಬಂದು ಒಬ್ಬಾಕಿನ ಇದ್ದೇನಿ, ಮಕ್ಕಳಿಲ್ಲ. ಪ್ರತಿ ವರ್ಷ ಬಿತ್ತೂ ದಿನ ತಮ್ಮ ಮೊದಲು ನನ್ನ ಹೊಲ ಬಿತ್ತಿ, ಆಮ್ಯಾಲ ತನ್ನ ಹೊಲಕ್ಕ ಇಳೀತಿದ್ದ. ಮಧ್ಯಾಹ್ನ ಇಬ್ಬರೂ ಬದುವಿನ ಮ್ಯಾಲ ಕುಂತು ರೊಟ್ಟಿ, ಪುಂಡಿಪಲ್ಯ ಉಣ್ತಿದ್ವಿ. ಖರೇ ಹೇಳ್ತೇನಿ, ವರ್ಷದಾಗ ಯಾರರ ಜೋಡಿ ಕುಂತು ಉಣ್ಣೂದಂದ್ರ ನನಗ ಅದೊಂದ ದಿನ.

ತಮ್ಮ ದೊಡ್ಡ ಟ್ರ್ಯಾಕ್ಟರ್ ಕೊಂಡ ಮ್ಯಾಲ ನನ್ನ ತೊಗರಿ ಕೆಡಾಕತ್ತಿತು. ಮಳಿ ಬಿದ್ರ ನೀರು ಇಂಗೂದಿಲ್ಲ, ಗಿಡ ನಿಂತಲ್ಲೇ ಹಳದಿ. ಮಂದಿ ರೋಗ ಅಂದ್ರು, ಔಷಧ ಹೊಡಿ ಅಂದ್ರು. ನನಗ ಯಾರು ಹೇಳಿದ್ದೂ ಲಗೂ ತಲಿಗೆ ಹೋಗೂದಿಲ್ಲ. ಹಾರಿ ತಗೊಂಡು ಒಂದು ಗಿಡದ ಬುಡ ಅಗದೆ. ಗೇಣು ಇಳಿಯೂದ್ರಾಗ ಹಾರಿ ಠಣ್ ಅಂತು. ಕಲ್ಲಲ್ಲ, ಮಣ್ಣ. ಬೇರು ಅಲ್ಲೀತನಕ ಬಂದು, ಕೆಳಗ ದಾರಿ ಸಿಗದ, ಮೊಣಕೈ ಮಡಚಿದಂಗ ಅಡ್ಡ ಹೊಳ್ಳಿತ್ತು. ಹಸಿ ನೆಲದ ಮ್ಯಾಲ ಆ ಭಾರದ ಗಾಲಿ ವರ್ಷಾ ವರ್ಷಾ ತುಳಿದು ಹಂಗ ಮಾಡಿತ್ತು.

ಮುಂದಿನ ಮುಂಗಾರಿಗೆ, ಮಳಿ ನಿಂತ ಮರುದಿನ, ತಮ್ಮ ಕೆಲಸದವರ ಜೋಡಿ ಟ್ರ್ಯಾಕ್ಟರ್ ತಗೊಂಡು ಬಂದ. ನಾನು ಅಡ್ಡ ನಿಂತೆ.

“ನಾಲ್ಕು ದಿನ ತಡಿ ತಮ್ಮಾ. ನೆಲ ಇನ್ನೂ ಹಸಿ ಐತಿ.”

“ಟ್ರ್ಯಾಕ್ಟರ್ ಬಾಡಿಗಿಗೆ ಮಂದಿ ಪಾಳಿ ಹಚ್ಚಿ ನಿಂತಾರಕ್ಕಾ. ನಿನ್ನ ಹೊಲ ಒಂದಕ್ಕ ನಾ ಎಲ್ಲಿ ಕಾಯ್ಲಿ?”

“ಹಂಗಾರ ನನ್ನ ಹೊಲಕ್ಕ ನಿನ್ನ ಟ್ರ್ಯಾಕ್ಟರ್ ಬ್ಯಾಡ.”

ನನ್ನ ನಾಲಿಗಿ ಮೊದಲಿಂದ ಬಿರುಸು. ಕೆಲಸದವರ ಮುಂದ ಅಂದದ್ದು ಅವಂಗ ನಾಟಿತು. “ಆತು ಬಿಡಕ್ಕಾ” ಅಂದು ಗಾಡಿ ತಿರುಗಿಸಿದ. ಐದನೇ ದಿನ ನಾನು ಬಾಜೂ ಊರಿಂದ ಬಾಡಿಗಿ ಎತ್ತು ತರಿಸಿ ಬಿತ್ತಿಸಿದೆ. ಎತ್ತಿನಾಂವ ಬೀಡಿ ಸೇದಿಕೋತ ದೂರ ಕುಂತ. ನಾನು ಬದುವಿನ ಮ್ಯಾಲ ರೊಟ್ಟಿ ಗಂಟು ಬಿಚ್ಚಿದೆ, ಮತ್ತ ಹಂಗ ಕಟ್ಟಿಕೊಂಡು ಮನಿಗೆ ಒಯ್ದೆ. ಆ ನಾಗರಪಂಚಮಿಗೆ ತಮ್ಮನ ಮನಿಯಿಂದ ವರ್ಷಾ ತಪ್ಪದ ಬರೋ ಉಂಡಿನೂ ಬರಲಿಲ್ಲ.

ಎರಡು ಬ್ಯಾಸಗಿ ಎರಿ ಬಿರಕೊಂಡು, ಮ್ಯಾಲ ಭಾರ ಬೀಳದ, ನೆಲ ತಾನ ಸಡಲಾತು. ಹೋದ ವರ್ಷ ತೊಗರಿ ಬೇರು ನೆಟ್ಟಗ ಇಳಿದಿತ್ತು. ಅತ್ತ ತಮ್ಮನ ಹೊಲದಾಗ ನೀರು ನಿಂತು ಅರ್ಧ ಬೆಳಿ ಹೋಗಿತ್ತು. ಅವನನ್ನ ಕರೆಯೂ ಧೈರ್ಯ ಬರಲಿಲ್ಲ. ಒಂದು ಗಿಡ ಬೇರು ಸಮೇತ ಅಗದು ಬದುವಿನ ಮ್ಯಾಲ ಇಟ್ಟು ಬಂದೆ. ಮರುದಿನ ಅದು ಅಲ್ಲಿರಲಿಲ್ಲ. ಎಮ್ಮಿ ತಿಂತೋ, ಅವ ಒಯ್ದನೋ, ಗೊತ್ತಾಗಲಿಲ್ಲ.

ಈ ವರ್ಷ ಮಳಿ ನಿಂತ ಮರುದಿನ ಟ್ರ್ಯಾಕ್ಟರ್ ಸಪ್ಪಳ ಕೇಳಲಿಲ್ಲ. ತಮ್ಮ ನಡಕೋತ ಬಂದ, ತನ್ನ ಹೊಲದಾಗ ಒಂದು ಮುಷ್ಟಿ ಮಣ್ಣು ಹಿಡಿದು ನೋಡಿ ಹೋದ. ನಾಲ್ಕು ದಿನ ಹಂಗ ಬಂದ. ನನ್ನ ಜೀವಕ್ಕ ಆಸಿ ಹತ್ತಿತು. ಈ ಸಲ ಬರ್ತಾನ ಅಂತ ಎತ್ತಿನಾಂವಗ ಹೇಳೂದೂ ಬಿಟ್ಟೆ.

ಐದನೇ ದಿನ ಟ್ರ್ಯಾಕ್ಟರ್ ತಂದ. ಹದ ನೋಡಿ, ಸಾವಕಾಶ, ತನ್ನ ನಾಲ್ಕೆಕರೆ ಬಿತ್ತಿದ. ಪ್ರತಿ ಸಾಲಿಗೂ ನಮ್ಮ ಬದುವಿನ ತನಕ ಬಂದು, ನನ್ನ ಮುಂದ ಗಾಡಿ ಹೊಳ್ಳಿಸಿಕೊಂಡು ಹೋದ; ಬದು ದಾಟಿ ನನ್ನ ಹೊಲಕ್ಕ ಇಳೀಲಿಲ್ಲ.