ಆನ್ಸಿಲ್ಲಾ ಬಾಯಿಯ ಬಿಂಬುಳಿ

ನಮ್ಮ ಸಂತೆಕಟ್ಟೆಯ ಓಣಿಯಲ್ಲಿ ಬಿಂಬುಳಿ ಮುಟ್ಟದ ಮನೆ ಒಂದೂ ಇಲ್ಲ. ಹಿತ್ತಾಳೆ ಕಪ್ಪಾದರೆ ಬಿಂಬುಳಿ, ತಾಮ್ರದ ಹಂಡೆಗೂ ಬಿಂಬುಳಿ, ಮೀನು ಕೊಯ್ದ ಮಣೆ ನಾತ ಬಿಡದಿದ್ದರೂ ಬಿಂಬುಳಿ. ಮರ ಇರುವುದು ಮಾತ್ರ ಒಂದೇ ಹಿತ್ತಲಲ್ಲಿ, ನನ್ನ ಪಕ್ಕದ ಮನೆಯ ಆನ್ಸಿಲ್ಲಾ ಬಾಯಿಯ ಹಿತ್ತಲಲ್ಲಿ. ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಡುವ ಆ ಹುಳಿಕಾಯಿಯನ್ನು ಹೇಳದೆ ಕೇಳದೆ ಕೊಯ್ದುಕೊಂಡು ಹೋಗುವವರೇ ಹೆಚ್ಚು. ಹಾಗೆ ಕೊಯ್ದುಕೊಂಡು ಹೋದವರೇ ಸೇರಿ ಕಳೆದ ವರ್ಷ ಆ ಹೆಂಗಸಿನ ಮರ್ಯಾದೆ ತೆಗೆದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಬಾಯಿ ಸುಲಭದ ಹೆಂಗಸೇನೂ ಅಲ್ಲ. ನಾನು ಕಾಪುವಿನಿಂದ ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಬಚ್ಚಲಿಗೇ ನುಗ್ಗಿ, ಅಲ್ಲಿದ್ದ ನೀಲಿ ಬಾಟಲಿಯನ್ನು ಮೂಸಿ ನೋಡಿ, "ಇದೆಂತ ಮಾರಾಯ್ತಿ? ಇದನ್ನು ಹಾಕಿದರೆ ಕೊಳೆಗಿಂತ ಮೊದಲು ನೀನೇ ಹೋಗ್ತಿ" ಎಂದು ಬೈದವರು ಅವರು. ಅವರ ಮನೆಯಲ್ಲಿ ಅಂಥ ಬಾಟಲಿಗಳಿಗೆ ಜಾಗವಿಲ್ಲ. ಕಿಟಕಿಯ ಗಾಜಿಗೆ ಕಳ್ಳಿನ ವಿನೆಗರ್ ಮತ್ತು ಹಳೆಯ ಪೇಪರು. ಪಾತ್ರೆಗೆ ಅಂಟುವಾಳ, ತೆಂಗಿನ ನಾರು. ಬಚ್ಚಲೊಲೆಯ ಬೂದಿಯನ್ನು ಜರಡಿ ಹಿಡಿದು ಡಬ್ಬಿಗೆ ತುಂಬುವುದು ಗಂಡ ಲಿಗೋರಿಯವರ ಬೆಳಗಿನ ಕೆಲಸ. ಕಾಫಿ ಸಿಗುವುದು ಅದು ಮುಗಿದ ಮೇಲೆ. ಒಮ್ಮೆ ನಾನು ಮೊಬೈಲಿನಲ್ಲಿ, ವಿನೆಗರಿಗೆ ಸೋಡಾಪುಡಿ ಬೆರೆಸಿ ನೊರೆ ಬರಿಸುವ ವೀಡಿಯೋ ತೋರಿಸಿದೆ. ಬಾಯಿ ಕನ್ನಡಕ ಏರಿಸಿ ಪೂರ್ತಿ ನೋಡಿದರು. "ಹುಳಿ, ಸೋಡ ಎರಡೂ ಹೊಡೆದಾಡಿಕೊಂಡು ಸತ್ತ ಮೇಲೆ ಸಿಂಕ್ ತೊಳೆಯುವುದು ಯಾರು? ನೊರೆಯಾ?"

ಅಕ್ಟೋಬರಿನಲ್ಲಿ ಅವರ ವಾಡೆಯ, ಎಂದರೆ ಚರ್ಚಿನ ಈ ವಾರ್ಡಿನ, ಕ್ರೈಸ್ತರ ಮನೆಗಳಿಗೆ ಮಾತೆ ಮರಿಯಮ್ಮನ ಮೂರ್ತಿ ಬರುತ್ತದೆ. ಒಂದು ಮನೆಯವರು ಸಂಜೆ ಮೂರ್ತಿಯನ್ನು ತಂದು ಮುಂದಿನ ಮನೆಗೆ ಒಪ್ಪಿಸುತ್ತಾರೆ, ಎಲ್ಲರೂ ಕೂತು ಜಪಮಾಲೆ ಹಿಡಿದು ತೇರ್ಸ ಹೇಳುತ್ತಾರೆ, ಮೂರ್ತಿ ಆ ರಾತ್ರಿ ಅಲ್ಲೇ ಉಳಿಯುತ್ತದೆ. ಬಾಯಿಗೆ ಇಡೀ ವರ್ಷದ ಹಬ್ಬ ಅದೇ. ಮಕ್ಕಳಿಲ್ಲದ ಮನೆಗೆ ಅಮ್ಮ ಬಂದು ಮಲಗುವ ದಿನ ಎಂದು ಅವರೇ ನನ್ನಲ್ಲಿ ಹೇಳಿದ್ದುಂಟು. ಅದಕ್ಕಾಗಿ ವಾರವಿಡೀ ಮನೆ ತಿಕ್ಕುತ್ತಾರೆ.

ಕಳೆದ ವರ್ಷ ಮೂರ್ತಿಯ ಜೊತೆಗೆ ಎರಡು ಹೊಸ ಕ್ಯಾಂಡಲ್ ಸ್ಟ್ಯಾಂಡ್ ಬಂದವು. ಮಸ್ಕತ್‌ನಿಂದ ಮರಳಿ ವಾಡೆಯ ಗುರ್ಕಾರ, ಅಂದರೆ ಮುಖ್ಯಸ್ಥ, ಆಗಿದ್ದ ಲಿಯೋನೆಲ್ ಅವನ್ನು ಕಾಣಿಕೆ ಕೊಟ್ಟಿದ್ದ. "ಅಸಲಿ ಹಿತ್ತಾಳೆ. ಬಟ್ಟೆಯಲ್ಲಿ ಒರೆಸಿದರೆ ಸಾಕು" ಎಂದು ಮನೆಮನೆಗೂ ಹೇಳಿದ್ದ. ಆದರೆ ಮೇಣ ಸುರಿದು ಮಸಿ ಹಿಡಿದ ಹಿತ್ತಾಳೆಯನ್ನು ಮಾತೆಯ ಎದುರು ಹಾಗೆಯೇ ಇಡಲು ಬಾಯಿಯ ಕೈ ಕೇಳಬೇಕಲ್ಲ? ಬಿಂಬುಳಿ ಜಜ್ಜಿ, ಉಪ್ಪು ಬೆರೆಸಿ, ನಾರು ಹಿಡಿದು ಉಜ್ಜಿದರು. ಬಂಗಾರದ ಬಣ್ಣ ಸಿಪ್ಪೆಯಾಗಿ ಎದ್ದು ಬಂತು. ಒಳಗೆ ಕಬ್ಬಿಣ.

ಮರುದಿನ ಲಿಯೋನೆಲ್ ವಾಡೆಯವರನ್ನು ಕಟ್ಟಿಕೊಂಡು ಬಾಯಿಯ ಅಂಗಳಕ್ಕೆ ಬಂದ. "ಬಿಂಬುಳಿ ಅಂದರೆ ಆ್ಯಸಿಡ್. ಒಳ್ಳೆಯ ಹಿತ್ತಾಳೆಯನ್ನು ತಿಂದು ಹಾಕಿದೆ" ಎಂದ.

"ಹಿತ್ತಾಳೆಯ ಹೊಟ್ಟೆಯಲ್ಲಿ ಕಬ್ಬಿಣ ಎಲ್ಲಿಂದ ಬಂತು?" ಎಂದು ಬಾಯಿ ಕೇಳಿದರು.

ಅಲ್ಲಿ ನಿಂತವರಲ್ಲಿ ಆ ಮರದ ಬಿಂಬುಳಿಯಿಂದ ತಮ್ಮ ಅಜ್ಜಿಯ ಕಾಲದ ಹಿತ್ತಾಳೆ ಬೆಳಗದವರು ಯಾರಿದ್ದರು? ಎದುರು ಮನೆಯ ಡುಲ್ಸಿನ್ ಎರಡು ದಿನದ ಹಿಂದಷ್ಟೇ ಒಂದು ಬುಟ್ಟಿ ಕೊಂಡುಹೋಗಿದ್ದಳು. ಅವಳು ನೆಲ ನೋಡುತ್ತ ನಿಂತಳು. ನನಗೆ ತಡೆಯಲಾಗಲಿಲ್ಲ. "ನಮ್ಮ ಕಾಲುದೀಪವನ್ನು ಇದರಲ್ಲೇ ಉಜ್ಜುವುದು, ಅದನ್ನು ಇನ್ನೂ ತಿಂದಿಲ್ಲ!" ಎಂದು ಕಂಪೌಂಡಿನ ಈಚೆಯಿಂದ ಕೂಗಿದೆ. "ಇದು ನಮ್ಮ ವಾಡೆಯ ವಿಷಯ, ನೀವು ಸುಮ್ಮನಿರಿ" ಎಂದ ಲಿಯೋನೆಲ್. ಅವನಿಗೆ ಅಂಗಡಿಯವನು ಮೋಸ ಮಾಡಿರಬಹುದು. ಹಾಗಂತ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಬದಲಿಗೆ ಅವನು ತೀರ್ಪು ಕೊಟ್ಟ: ಮುಂದಿನ ವರ್ಷದಿಂದ ಆನ್ಸಿಲ್ಲಾಳ ಮನೆಯಲ್ಲಿ ತೇರ್ಸ ಮುಗಿದ ಕೂಡಲೇ ತಂದವರೇ ಮೂರ್ತಿಯನ್ನು ವಾಪಸು ಕೊಂಡುಹೋಗಬೇಕು, ರಾತ್ರಿ ಅಲ್ಲಿ ಇಡುವಂತಿಲ್ಲ.

ಎಂಥ ನಾಚಿಕೆಗೇಡು! ಇಡೀ ಓಣಿಯಲ್ಲೇ ಅಷ್ಟು ಸ್ವಚ್ಛವಾದ ಮನೆ ಇನ್ನೊಂದಿಲ್ಲ, ಅಲ್ಲಿ ಮೂರ್ತಿ ಉಳಿಯಬಾರದಂತೆ. ಬಾಯಿ ಆಮೇಲೆ ಜಗಳವಾಡಲಿಲ್ಲ. ಅವರು ಜಗಳವಾಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಿಂಬುಳಿ ಬುಡದಲ್ಲಿ ಬಿದ್ದು ಕೊಳೆಯಿತು, ಕೊಯ್ಯಲು ಯಾರೂ ಬರಲಿಲ್ಲ. ಹೆದರಿಕೆ, ಲಿಯೋನೆಲ್ ಎಲ್ಲಿ ನೋಡಿಬಿಡುತ್ತಾನೋ ಎಂದು.

ಈ ವರ್ಷವೂ ಅಕ್ಟೋಬರ್ ಬಂತು. ಮೂರ್ತಿ ಡುಲ್ಸಿನ್‌ಳ ಮನೆಗೆ ಬರುವ ದಿನ ಬೆಳಗ್ಗೆ ನಾನು ಬಟ್ಟೆ ಒಣಗಿಸುತ್ತಿದ್ದೆ. ಅವಳು ಸೆರಗಿನಡಿ ಪ್ಲಾಸ್ಟಿಕ್ ಚೀಲ ಬಚ್ಚಿಟ್ಟುಕೊಂಡು ಬಾಯಿಯ ಹಿತ್ತಲಿಗೆ ಬಂದಳು. ಅವರ ಮಾತು ಕೊಂಕಣಿಯಲ್ಲಿ. ಇಷ್ಟು ವರ್ಷ ಪಕ್ಕದಲ್ಲಿದ್ದು ನನಗೂ ಅದು ತಿಳಿಯುತ್ತದೆ.

"ಬಾಯಿ, ನಾಲ್ಕು ಬಿಂಬುಳಿ ಬೇಕಿತ್ತು" ಎಂದಳು ಪಿಸುಮಾತಿನಲ್ಲಿ.

"ಎಂತಕ್ಕೆ?"

"ಅಮ್ಮ ಕೊಟ್ಟ ಹಿತ್ತಾಳೆಯ ಸ್ಟ್ಯಾಂಡ್ ಉಂಟಲ್ಲ, ಅದನ್ನು ಉಜ್ಜಲಿಕ್ಕೆ."

"ನನಗೆ ಕಿವಿ ಸರಿ ಕೇಳುವುದಿಲ್ಲ. ಗಟ್ಟಿಯಾಗಿ ಹೇಳು."

ಬಾಯಿಯ ಕಿವಿ ನಮ್ಮ ಮನೆಯ ಕುಕ್ಕರಿನ ಸೀಟಿ ಎಣಿಸುವಷ್ಟು ಚುರುಕು. ಡುಲ್ಸಿನ್ ಸ್ವಲ್ಪ ದನಿ ಏರಿಸಿದಳು.

"ಇನ್ನೂ ಗಟ್ಟಿಯಾಗಿ. ಆ ದಿನ ನನ್ನ ಅಂಗಳದಲ್ಲಿ ಹೇಳದೆ ಉಳಿಸಿಕೊಂಡದ್ದನ್ನು ಈಗ ಹೇಳು. ಲಿಯೋನೆಲ್‌ನ ಮನೆಗೆ ಕೇಳಬೇಕು."

ಡುಲ್ಸಿನ್‌ಳ ಮುಖ ಕೆಂಪಾಯಿತು. ಹೊರಟೇಹೋಗುತ್ತಾಳೆ ಎಂದುಕೊಂಡೆ, ಹೋಗಲಿ, ಒಂದು ಕಾಯಿಯೂ ಸಿಗಬಾರದು ಇವಳಿಗೆ ಎಂದೂ ಅಂದುಕೊಂಡೆ. ಅವಳು ಚೀಲವನ್ನು ಸೆರಗಿನಿಂದ ಹೊರಗೆ ತೆಗೆದಳು. ಓಣಿಯ ಕಡೆ ತಿರುಗಿ, "ಹಿತ್ತಾಳೆ ಉಜ್ಜಲಿಕ್ಕೆ ಬಿಂಬುಳಿ ಬೇಕು!" ಎಂದು ಕೂಗಿದಳು. ಲಿಯೋನೆಲ್‌ನ ಮನೆಯ ಬಾಗಿಲು ತೆರೆಯಿತು. ಅವನು ಜಗಲಿಗೆ ಬಂದು ನಿಂತದ್ದು ಕಂಡಿತು.

ಅಷ್ಟಕ್ಕೇ ಬಾಯಿ ಗೊಂಚಲಿಗೆ ಕೈ ಹಾಕಿದ್ದರು. ಆದರೆ ಡುಲ್ಸಿನ್ ನಿಲ್ಲಿಸಲಿಲ್ಲ.

"ನಾಳೆ ಮೂರ್ತಿಯನ್ನು ಆನ್ಸಿಲ್ಲಾ ಬಾಯಿಯ ಮನೆಗೆ ತರುವವಳು ನಾನೇ," ಎಂದು ಇನ್ನೂ ಜೋರಾಗಿ ಕೂಗಿದಳು, "ವಾಪಸು ಕೊಂಡುಹೋಗಲಿಕ್ಕೆ ನನ್ನಿಂದ ಆಗುವುದಿಲ್ಲ!"