ಒಡ್ಡು ಹತ್ತುವ ಹಾವುಮೀನುಗಳು

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ನಮ್ಮ ಮನೆಯಲ್ಲಿ ಚರ್ಚೆಯ ವಿಷಯವೇ ಅಲ್ಲ. ಅಜ್ಜಿ ಹೋಗಿದ್ದಳು, ಅಮ್ಮ ಹೋಗಿದ್ದಳು, ಅಕ್ಕ ಹೋಗಿದ್ದಳು. ನಾನು ಸಿಡ್ನಿಯ ಹ್ಯಾರಿಸ್ ಪಾರ್ಕಿನಿಂದ ಮೈಸೂರಿಗೆ ಹೋಗಬೇಕಿತ್ತು. ದಾರಿ ಸ್ವಲ್ಪ ಉದ್ದ, ಅಷ್ಟೇ ಅಂದುಕೊಂಡಿದ್ದೆ.

ಏಳನೇ ತಿಂಗಳಿನಲ್ಲಿ ಹೊರಡೋಣವೆಂದರೆ ನನ್ನ ಗಂಡನಿಗೆ ಮೆಲ್ಬರ್ನಿನಲ್ಲಿ ಹೊಸ ಪ್ರಾಜೆಕ್ಟ್ ಬಂತು. ಸೋಮವಾರ ವಿಮಾನ ಹತ್ತಿದರೆ ಶುಕ್ರವಾರ ಸಂಜೆ ವಾಪಸ್ಸು, ನಡುವೆ ಡಾಕ್‌ಲ್ಯಾಂಡ್ಸ್ ಬಡಾವಣೆಯ ಆಫೀಸು. ನನ್ನನ್ನು ಊರಿಗೆ ಬಿಟ್ಟುಬರಲು ರಜೆ ಸಿಗಲಿಲ್ಲ. ಮುಂದಿನ ತಿಂಗಳು ಒಬ್ಬಳೇ ಬರುತ್ತೇನೆ ಎಂದು ಫೋನ್ ಮಾಡಿದರೆ ಅಮ್ಮ ಹೌಹಾರಿದಳು.

"ಎಂಟರಲ್ಲಿ ಬಸುರಿ ಪ್ರಯಾಣ ಮಾಡಬಾರ್ದು ಕಣೇ! ಒಂಬತ್ತು ಬೀಳ್ಲಿ, ಬಂದ್ಬಿಡು. ನಾನೇನ್ ಎಲ್ಲಿಗಾದ್ರೂ ಓಡೋಗ್ತೀನಾ?"

ಒಂಬತ್ತು ಬಿದ್ದ ಮೇಲೆ ಟಿಕೆಟ್ ಬುಕ್ ಮಾಡಲು ಹೋದೆ. ಬಸುರಿಗೆ ಎಷ್ಟು ವಾರ ಎಂದು ವಿಮಾನ ಕಂಪನಿಯವರು ಕೇಳಿದರು. ಹೇಳಿದೆ. ಇಷ್ಟು ತುಂಬಿದ ಬಸುರಿಯನ್ನು ಹತ್ತಿಸಿಕೊಳ್ಳುವುದಿಲ್ಲ ಎಂದರು. ಅಮ್ಮ ತಿಂಗಳು ಎಣಿಸಿದ್ದಳು, ಇವರು ವಾರ ಎಣಿಸುತ್ತಿದ್ದರು. ಎರಡೆರಡು ಡಿಗ್ರಿ ಮಾಡಿದ ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ನೀನೇ ಇಲ್ಲಿಗೆ ಬಾ ಎನ್ನೋಣವೆಂದರೆ ಅಮ್ಮನಿಗೆ ಪಾಸ್‌ಪೋರ್ಟೇ ಇಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಮ್ಮನ ಮೇಲೆ, ಗಂಡನ ಮೇಲೆ, ಎಂಟು ಎಂಬ ಅಂಕಿಯ ಮೇಲೂ. ಎರಡು ವಾರ ಅಮ್ಮನ ಫೋನಿಗೆ "ಹ್ಞೂಂ", "ಉಹ್ಞೂಂ" ಬಿಟ್ಟು ಬೇರೆ ಉತ್ತರ ಕೊಡಲಿಲ್ಲ.

ಅದೇ ದಿನಗಳಲ್ಲಿ ಟೀವಿಯಲ್ಲಿ ಸಾಲ್ಮನ್ ಮೀನುಗಳನ್ನು ತೋರಿಸಿದರು. ಹೊಟ್ಟೆ ತುಂಬ ಮೊಟ್ಟೆ ಹೊತ್ತು, ಸಮುದ್ರದಿಂದ ತಾವು ಹುಟ್ಟಿದ ಹೊಳೆಗೇ ವಾಪಸ್ಸು ಬರುತ್ತವಂತೆ. ಮೀನಿಗೂ ತವರಿದೆ. ಟೀವಿ ಆರಿಸಿ ಚೆನ್ನಾಗಿ ಅತ್ತೆ.

ಡಾಕ್ಟರು ದಿನಾ ನಡೆಯಬೇಕು ಎಂದಿದ್ದರು. ಮಿಠಾಯಿ ಅಂಗಡಿಗಳನ್ನು ದಾಟಿ, ಏದುಸಿರು ಬಿಡುತ್ತ ಪ್ಯಾರಮಟ್ಟ ನದಿಯವರೆಗೆ ಹೋಗುತ್ತಿದ್ದೆ. ಅಲ್ಲೊಂದು ಗಿಡ್ಡ ಒಡ್ಡು. ಕೆಳಗೆ ಉಪ್ಪುನೀರು, ಮೇಲೆ ಸಿಹಿನೀರು. ಮಳೆ ಬಂದು ನಿಂತ ಒಂದು ಬೆಳಿಗ್ಗೆ ಆ ಒದ್ದೆ ಕಾಂಕ್ರೀಟಿನ ಮೇಲೆ ಕಪ್ಪು ದಾರದ ತುಂಡುಗಳಂಥವು ಹರಿದಾಡುತ್ತಿದ್ದವು. ಜಿಗಣೆ ಎಂದು ಹಿಂದೆ ಸರಿದೆ.

ನಾಯಿ ಹಿಡಿದು ಬಂದಿದ್ದ ಬಿಳಿಯ ಮುದುಕರೊಬ್ಬರು ನಕ್ಕು, ಅವು ಹಾವುಮೀನಿನ ಮರಿಗಳು ಎಂದರು. ಇಲ್ಲಿನ ತಾಯಿಮೀನು ಒಂದು ದಿನ ನದಿ ಬಿಟ್ಟು, ಉತ್ತರದ ಬೆಚ್ಚಗಿನ ಸಮುದ್ರಕ್ಕೆ ಹೋಗಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮರಿಗಳು ಪ್ರವಾಹದಲ್ಲಿ ತೇಲಿಕೊಂಡು ಬಂದು ತಾವೇ ನದಿ ಹುಡುಕಿಕೊಳ್ಳುತ್ತವೆ.

"ತಾಯಿಯ ನದಿಯನ್ನೇ?" ಎಂದು ಕೇಳಿದೆ.

ಇಲ್ಲ, ಯಾವುದು ಸಿಕ್ಕರೆ ಅದು ಎಂದರು.

ಆ ಮಾತು ನನಗೆ ಹಿಡಿಸಲಿಲ್ಲ. ಯಾವ ನದಿಯಾದರೂ ಆದೀತು ಎನ್ನುವುದಾದರೆ ನಾನು ಇಷ್ಟು ದಿನ ಅತ್ತದ್ದು ಯಾವ ಚಂದಕ್ಕೆ? ಆದರೂ ಮಾರನೆಯ ದಿನ ಹೋದೆ, ಅದರ ಮಾರನೆಯ ದಿನವೂ ಹೋದೆ. ಒಂದೊಂದು ಮರಿ ಅರ್ಧ ಹತ್ತಿ ಜಾರಿಬೀಳುತ್ತಿತ್ತು, ಮತ್ತೆ ಕೆಳಗಿನಿಂದ ಶುರು. "ಹತ್ತು, ಹತ್ತು" ಎಂದು ಕನ್ನಡದಲ್ಲೇ ಗದರುತ್ತಿದ್ದೆ. ಆ ವಾರಗಳಲ್ಲಿ ನಾನು ಬಾಯಿಬಿಟ್ಟು ಹೆಚ್ಚು ಮಾತಾಡಿದ್ದು ಅವುಗಳ ಜೊತೆಗೇ.

ನೋವು ಕಾಣಿಸಿಕೊಂಡದ್ದು ಒಂದು ಬುಧವಾರ, ಡಾಕ್ಟರು ಹೇಳಿದ್ದ ದಿನಕ್ಕೆ ಹತ್ತು ದಿನ ಮೊದಲೇ. ಟ್ಯಾಕ್ಸಿ ಕರೆಸಿ ಒಬ್ಬಳೇ ಆಸ್ಪತ್ರೆಗೆ ಹೋದೆ. ಜೊತೆಗೆ ಯಾರು ಬರುತ್ತಾರೆ ಎಂದು ನರ್ಸು ಮೂರು ಸಲ ಕೇಳಿದಳು. ಮೆಲ್ಬರ್ನಿನಿಂದ ವಿಮಾನ ಸಿಕ್ಕಿ ಗಂಡ ಬರುವಷ್ಟರಲ್ಲಿ ಎಲ್ಲ ಮುಗಿಯುತ್ತದೆ ಎಂದು ನನಗೂ ಅವನಿಗೂ ಗೊತ್ತಿತ್ತು. ಹಾಗೇ ಆಯಿತು. ಮಧ್ಯಾಹ್ನ ಮಗಳು ಹುಟ್ಟಿದಳು.

ಕಾಲಿಂಗ್ ಕಾರ್ಡಿನ ನಂಬರುಗಳನ್ನು ಒತ್ತಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಮೊದಲು ನಕ್ಕಳು, ಆಮೇಲೆ ಅವಳ ದನಿ ಒಡೆಯಿತು.

"ನಂದೇ ತಪ್ಪು ಕಣೇ. ಎಂಟು ಅಂತ ತಡೀಬಾರ್ದಿತ್ತು. ಈಗ ನಿನ್ ಹತ್ರ ಯಾರಿದಾರೆ?"

ಕೂಡಿಟ್ಟುಕೊಂಡಿದ್ದ ಸಿಟ್ಟನ್ನು ಆಡಿ ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಬಾಯಿಂದ ಬಂದದ್ದೇ ಬೇರೆ.

"ತುಂಬಾ ಜನ ಇದಾರಮ್ಮ. ರೂಮ್ ತುಂಬ ಇದಾರೆ."

"ಹೌದಾ? ಸದ್ಯ. ಯಾರಾದ್ರೂ ಒಬ್ಬರ ಕೈಗೆ ಫೋನ್ ಕೊಡು, ಎರಡ್ ಮಾತಾಡ್ತೀನಿ."

ಕೋಣೆಯಲ್ಲಿ ನಾನಿದ್ದೆ, ಒಂದು ಖಾಲಿ ಕುರ್ಚಿ ಇತ್ತು. ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿದೆ.