ಮಾಳಿಗೆಯಿಂದ ಕಂಡ ಕೆಂಪಂಗಿ ತಂಡ

ಆಗ ಹುಬ್ಬಳ್ಳಿಯಲ್ಲಿ ಮಳೆಗಾಲವೆಂದರೆ ಫುಟ್‌ಬಾಲು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಮಿರಗದ ಮಳೆ ಬಿದ್ದು ನೆಲ ಮೆತ್ತಗಾದದ್ದೇ ತಡ, ಓಣಿ ಓಣಿಯ ತಂಡಗಳು ಚೆಂಡಿಗೆ ಎಣ್ಣೆ ಹಚ್ಚಿ ಹೊರಗೆ ತೆಗೆಯುತ್ತಿದ್ದವು. ಆ ಕಾಲದವರ ಮೂಗಿಗೆ ಆ ವಾಸನೆ ಗೊತ್ತಿರುತ್ತದೆ: ಒದ್ದೆ ತೊಗಲು, ಎಣ್ಣೆ, ಕರಿಮಣ್ಣು, ಮೈದಾನದ ಅಂಚಿನಲ್ಲಿ ಹುರಿಯುವ ಶೇಂಗಾ.

ನನಗೆ ಹತ್ತು ವರ್ಷ. ಆ ಬೇಸಿಗೆಯಲ್ಲೇ ನಾವು ಮೈದಾನಕ್ಕೆ ಹತ್ತಿಕೊಂಡಿದ್ದ ಮನೆಗೆ ಬಂದಿದ್ದೆವು. ಅಪ್ಪ ವಕೀಲರು, ಓಣಿಯ ಫುಟ್‌ಬಾಲ್ ತಂಡಕ್ಕೆ ಅಧ್ಯಕ್ಷರು. ತಂಡಕ್ಕೆ ಸಂಸ್ಕೃತದ ಉದ್ದ ಹೆಸರೊಂದಿತ್ತು. ಜನ ಕರೆಯುತ್ತಿದ್ದದ್ದು ಮಾತ್ರ ಕೆಂಪಂಗಿ ಎಂದು. ಅಗ್ಗದ ಬಣ್ಣದಲ್ಲಿ ಅದ್ದಿದ ಅಂಗಿಗಳು. ಮಳೆ ಬಂದರೆ ಬಣ್ಣ ಇಳಿದು ಆಟಗಾರರ ಮೊಣಕಾಲಿನವರೆಗೆ ಹರಿಯುತ್ತಿತ್ತು. ಗೆದ್ದಾಗಲೂ ಹೊಡೆತ ತಿಂದವರಂತೆ ಕಾಣುತ್ತಿದ್ದರಂತೆ. ಆ ವರ್ಷವಂತೂ ಕಾಣುವುದಷ್ಟೇ ಅಲ್ಲ, ನಿಜವಾಗಿಯೂ ಹೊಡೆತ ತಿಂದರು.

ಮನೆಯಲ್ಲಿ ಅಪ್ಪನ ಅಕ್ಕ ಅಂಬತ್ತೆ ಇದ್ದಳು. ಎಂಟರಲ್ಲಿ ಮದುವೆ, ಹನ್ನೊಂದರಲ್ಲಿ ವಿಧವೆ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿಗೆ ತಂದುಬಿಟ್ಟಿದ್ದರು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವಳಿಗೆ ನಲವತ್ತು ದಾಟಿತ್ತು. ಮಡಿ, ಒಪ್ಪೊತ್ತಿನ ಊಟ, ಅಡಿಗೆಮನೆ, ಹಿತ್ತಿಲ ಬಾವಿ, ಇಷ್ಟೇ ಅವಳ ಓಡಾಟ. ಗುಡಿಗೆ ಬಿಟ್ಟರೆ ಹೊಸ್ತಿಲು ದಾಟುತ್ತಿರಲಿಲ್ಲ.

ಆ ಮನೆಗೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಮಳೆ ಬರುವಂತಾದರೆ ಯಾರಾದರೂ ನಿಚ್ಚಣಿಕೆ ಹತ್ತಿ ಅದರ ಮೇಲೆ ತಗಡು ಮುಚ್ಚಬೇಕು. ಆ ಕೆಲಸವನ್ನು ಅತ್ತೆ ತಾನೇ ವಹಿಸಿಕೊಂಡಳು. ಒಂದು ಸಂಜೆ ಮೇಲೆ ಹೋದವಳು ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಅವ್ವ ನನ್ನನ್ನು ಕಳಿಸಿದಳು. ಹೋಗಿ ನೋಡಿದರೆ ಅತ್ತೆ ಮಾಳಿಗೆಯ ಅಂಚಿನ ಮೊಣಕಾಲೆತ್ತರದ ಗೋಡೆಯ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಮೈದಾನವನ್ನು ನೋಡುತ್ತಿದ್ದಾಳೆ.

"ಬಾ ಇಂದೂ, ಕೂಡು," ಎಂದಳು. "ಆ ಎರಡು ಗಳಾ ನೆಟ್ಟಾರಲ್ಲ, ಅದರ ನಡುವ ಚೆಂಡು ಹಾಕಬೇಕು, ಖರೇನ?"

"ಹೂಂ."

"ಮತ್ತ ನಮ್ಮವರು ಯಾಕ ಹಾಕವಲ್ರು?"

ಅಂದಿನಿಂದ ಮಳೆ ಬರಲಿ ಬಿಡಲಿ, ಐದು ಗಂಟೆಗೆ ನಮಗಿಬ್ಬರಿಗೂ ಬೆಳಕಿಂಡಿಯ ಚಿಂತೆ. ನಾನು ಒಗ್ಗರಣೆ ಅವಲಕ್ಕಿ ತಿನ್ನುತ್ತ ಕೂಡುತ್ತಿದ್ದೆ, ಅತ್ತೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಳು. ನಿಯಮಗಳನ್ನು ನಾನು ಅಣ್ಣ ರಾಘುವಿನಿಂದ ಕೇಳಿ ಬಂದು ಹೇಳಿದೆ. ಎಂಟು ದಿನದಲ್ಲಿ ಅವಳು ನನಗೇ ತಿರುಗಿ ಹೇಳುವಷ್ಟಾದಳು.

ಮೊದಲ ಆಟ ರಾಯಾಪುರದವರ ಮೇಲೆ. ಮೂರು ಗೋಲು ತಿಂದು ಒಂದೂ ಹಾಕಲಿಲ್ಲ. ಎರಡನೆಯದು ಧಾರವಾಡದವರ ಮೇಲೆ, ಐದು ತಿಂದರು. ಮೂರನೆಯದರಲ್ಲಿ ಎರಡು.

ಸೋಲಿಗೆ ಕಾರಣ ಮಾಳಿಗೆಯ ಮೇಲಿದ್ದವರಿಗೆ ಮೊದಲ ದಿನವೇ ತಿಳಿದಿತ್ತು. ಹತ್ತಿರದ ಸುಳ್ಳ ಎಂಬ ಹಳ್ಳಿಯ ಕಲ್ಲಪ್ಪನೊಬ್ಬ ತಂಡದಲ್ಲಿದ್ದ. ಹತ್ತಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ, ಬರಿಗಾಲಿನಲ್ಲಿ ಆಡುತ್ತಿದ್ದ. ಹಿಂದಿನ ವರ್ಷ ಮುಂದೆ ಓಡಿ ಓಡಿ ಗೋಲು ಹಾಕಿದವನು ಅವನೇ ಎಂದು ರಾಘು ಹೇಳಿದ್ದ. ಈ ವರ್ಷ ಅಪ್ಪ ಅವನನ್ನು "ಎತ್ತರ ಇದ್ದಾನ" ಎಂದು ಗೋಲು ಕಾಯಲು ನಿಲ್ಲಿಸಿದರು. ಅವನ ಜಾಗದಲ್ಲಿ ರಾಘು. ಅವನಿಗೆ ಹದಿನೆಂಟು ವರ್ಷ, ಕಾಲಿಗೆ ಮುಂಬಯಿಯಿಂದ ತರಿಸಿದ ಬೂಟು. ರಾಘು ಒಳ್ಳೆಯವನು, ಆದರೆ ಚೆಂಡು ಬಂದರೆ ಅದಕ್ಕೆ ನಮಸ್ಕಾರ ಮಾಡುವವನ ಹಾಗೆ ನಿಂತುಬಿಡುತ್ತಿದ್ದ.

"ಓಡಾವನ್ನ ನಿಂದರ್ಸ್ಯಾನ, ನಿಂದ್ರಾವನ್ನ ಓಡಿಸ್ಯಾನ," ಎಂದಳು ಅತ್ತೆ. "ಶೀನ್ಯಾಗ ಕೋರ್ಟಿನಾಗ ಯಾರು ಕೇಸು ಕೊಡ್ತಾರೋ." ಅಪ್ಪ ಅವಳಿಗೆ ಇನ್ನೂ ತಮ್ಮ ಶೀನ್ಯಾನೇ.

ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಮಳೆಯನ್ನು ಬೈಯುತ್ತಿದ್ದರು, ಚೆಂಡನ್ನು ಬೈಯುತ್ತಿದ್ದರು, ರೆಫ್ರಿ ರಾಯಾಪುರದವರ ಬೀಗನೆಂದು ಬೈಯುತ್ತಿದ್ದರು. ಅಡಿಗೆಮನೆಯ ಬಾಗಿಲಲ್ಲಿ ಕುಳಿತ ಅತ್ತೆ ಆಮೇಲೆ ನನ್ನ ಕಿವಿಯಲ್ಲಿ, "ಮಳಿ ಏನು ಅವರನ್ನ ಬಿಟ್ಟು ಇವರ ಮ್ಯಾಲ ಇಷ್ಟ ಬಿದ್ದಿತ್ತೇನು?" ಎನ್ನುತ್ತಿದ್ದಳು. ಚೆಂಡಿನ ವಿಷಯವನ್ನು ಮಾತ್ರ ಅವಳು ಪರೀಕ್ಷಿಸದೆ ಬಿಡಲಿಲ್ಲ. ಅದು ಪಡಸಾಲೆಯ ಗೂಟಕ್ಕೆ ಜಾಳಿಗೆಯಲ್ಲಿ ತೂಗಾಡುತ್ತಿತ್ತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಹೆಬ್ಬೆರಳಿನಿಂದ ಅದನ್ನು ಎರಡು ಕಡೆ ಒತ್ತಿ ನೋಡಿದಳು. "ಗಾಳಿ ಬರೋಬ್ಬರಿ ಅದ. ಚೆಂಡಿಂದೇನೂ ತಪ್ಪಿಲ್ಲ," ಎಂದು, ತೊಗಲು ಮುಟ್ಟಿದ್ದಕ್ಕೆ ಬಾವಿಗೆ ಹೋಗಿ ತಲೆಯ ಮೇಲೆ ನಾಲ್ಕು ಕೊಡ ಸುರುವಿಕೊಂಡಳು.

ಮೂರನೆಯ ಸೋಲಿನ ಮರುದಿನ ರಾಘು ತಾನೇ ಹಿತ್ತಿಲಿಗೆ ಬಂದ. ನಾವು ನೋಡುತ್ತಿದ್ದೇವೆಂಬುದು ಅವನಿಗೆ ತಿಳಿದಿತ್ತು. ಅತ್ತೆ ಪಾತ್ರೆಗೆ ಬೂದಿ ಹಚ್ಚುತ್ತಿದ್ದಳು.

"ಅತ್ತಿ, ನಿನಗ ಏನ ಅನಸ್ತದ? ಖರೇ ಹೇಳು."

"ನಿನಗ ಆ ಜಾಗಾ ಅಲ್ಲಪ್ಪಾ," ಎಂದಳು ಅವಳು, ಕೈ ನಿಲ್ಲಿಸದೆ. "ನೀ ವಿಚಾರ ಮಾಡಾವ. ಅಲ್ಲಿ ವಿಚಾರ ಮಾಡ್ಲಿಕ್ಕೆ ವ್ಯಾಳ್ಯಾ ಇರೂದಿಲ್ಲ. ಕಲ್ಲಪ್ಪನ್ನ ಮುಂದ ಬಿಡ್ರಿ."

ರಾಘು ಸಿಟ್ಟಾಗಲಿಲ್ಲ. ನಾಲ್ಕನೆಯ ಆಟದ ದಿನ ಕಾಲು ಉಳುಕಿದೆ ಎಂದು ಕುಂಟುತ್ತ ಅಪ್ಪನ ಮುಂದೆ ನಿಂತು, ತನ್ನ ಬದಲು ಕಲ್ಲಪ್ಪನನ್ನು ಮುಂದೆ ಆಡಿಸುವಂತೆ ಕೇಳಿಕೊಂಡ. ಮುಂದೆ ಓಡಬಲ್ಲವರು ಬೇರೆ ಯಾರೂ ಇರಲಿಲ್ಲವೆಂದು ಅಪ್ಪ ಒಪ್ಪಿ, ಗೋಲಿಗೆ ಒಬ್ಬ ಬದಲಿಯನ್ನು ನಿಲ್ಲಿಸಿದರು.

ಮತ್ತೆ ರಾಯಾಪುರದವರೇ. ಅಂದು ಕಲ್ಲಪ್ಪನ ಕಾಲು ನೆಲಕ್ಕೆ ತಾಗಿದ್ದು ನನಗೆ ನೆನಪಿಲ್ಲ. ಮೊದಲ ಗೋಲಿಗೆ ಅತ್ತೆ ನನ್ನ ಮೊಣಕೈ ಚಿವುಟಿದಳು. ಎರಡನೆಯದಕ್ಕೆ ಅವನು ಮೈದಾನದ ಅರ್ಧದಿಂದ ಚೆಂಡನ್ನು ತಂದ. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ನನ್ನ ಪಕ್ಕದಲ್ಲಿ ಕುಳಿತಿದ್ದವಳು ಯಾವಾಗ ಎದ್ದು ನಿಂತಳೋ ತಿಳಿಯಲಿಲ್ಲ. ಚೆಂಡು ಒಳಗೆ ಹೋದಾಗ ಅತ್ತೆ ಮಾಳಿಗೆಯ ಅಂಚಿನಲ್ಲಿ ನೆಟ್ಟಗೆ ನಿಂತು ಎರಡೂ ಕೈ ತಟ್ಟುತ್ತಿದ್ದಳು. ಸೆರಗು ಜಾರಿ ಬೋಳುತಲೆ ಮಳೆಗೆ ನೆನೆಯುತ್ತಿತ್ತು.

ಅದರ ಹಿಂದೆಯೇ ಆಟ ಮುಗಿದ ಸೀಟಿ ಬಿತ್ತು. ಕೆಳಗೆ ಮುಖಗಳು ಒಂದೊಂದಾಗಿ ಮೇಲೆ ತಿರುಗಿದವು. ಸೋತ ಸಿಟ್ಟಿನಲ್ಲಿದ್ದ ರಾಯಾಪುರದವನೊಬ್ಬ ಎಲ್ಲರಿಗೂ ಕೇಳುವಂತೆ, "ವಕೀಲ್ ಸಾಹೇಬ್ರ, ನಿಮ್ಮ ಮನ್ಯಾಗೂ ಒಬ್ರು ಕೆಂಪಂಗಿ ಅದಾರಲ್ರಿ," ಎಂದ. ಮೈದಾನವೆಲ್ಲ ನಕ್ಕಿತು. ನಮ್ಮ ತಂಡದವರೂ ನಕ್ಕರು. ಅಪ್ಪ ಮಾತ್ರ ಛತ್ರಿ ಮಡಚಿಕೊಂಡು ನೆನೆಯುತ್ತಲೇ ಮನೆಯ ಕಡೆ ನಡೆದರು.

"ಏನ ಮಾಡ್ಲಿಕ್ಕೆ ಹೋಗಿದ್ದಿ ಅಲ್ಲಿ?" ಬಾಗಿಲಲ್ಲೇ ಕೇಳಿದರು.

"ಆಟ ನೋಡ್ಲಿಕ್ಕೆ."

"ಮಡಿ ಹೆಂಗಸು ನೀ. ಚಡ್ಡಿ ಹಾಕ್ಕೊಂಡ ಗಂಡಸರು ಓಡ್ಯಾಡೂದನ್ನ ನಿಂತು ನೋಡ್ತೀ, ಚಪ್ಪಾಳಿ ಹೊಡಿತೀ. ಊರಾಗ ನಾ ಹೆಂಗ ತಲಿ ಎತ್ತಲಿ?"

"ಗೆದ್ರೋ ಇಲ್ಲೋ ಶೀನ್ಯಾ?" ಎಂದಳು ಅತ್ತೆ, ಮೆಲ್ಲಗೆ.

ಆಗ ರಾಘು ನಡುವೆ ಬಂದ. ಅವಳನ್ನು ಉಳಿಸಬೇಕೆಂದೇ ಬಂದ. "ಅಪ್ಪಾ, ಕಲ್ಲಪ್ಪನ್ನ ಮುಂದ ಆಡಸ್ರಿ ಅಂತ ಹೇಳಿದಾಕಿ ಅತ್ತೀನ. ನನ್ನ ಕಾಲಿಗೆ ಏನೂ ಆಗಿಲ್ಲ."

ಅಪ್ಪನ ಮುಖ ನೋಡಿದ ಮೇಲೆ, ಅವನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಎಂದು ನನಗೂ ಅನ್ನಿಸಿತು. ಮಾಳಿಗೆ ಹತ್ತಿದ್ದನ್ನು ಅವರು ನಾಲ್ಕು ದಿನ ಕೂಗಾಡಿ ಮರೆಯುತ್ತಿದ್ದರೇನೋ. ತಮಗಿಂತ ಚೆನ್ನಾಗಿ ತಂಡ ಕಟ್ಟಿದ್ದನ್ನು ಮರೆಯಲಿಲ್ಲ.

ವಾರದೊಳಗೆ ಗೌಂಡಿ ಬಂದ. ಮೈದಾನದ ಕಡೆಯ ಗೋಡೆಯನ್ನು ಆಳೆತ್ತರಕ್ಕೆ ಏರಿಸಿದ. ಕಲ್ಲು, ಮಣ್ಣು ಹೊತ್ತು ಆಳುಗಳು ನಿಚ್ಚಣಿಕೆ ಹತ್ತುವಾಗ ಅತ್ತೆ ಕೆಳಗೆ ಒಲೆಯ ಮುಂದೆ ಕುಳಿತಿದ್ದಳು, ತಲೆ ಎತ್ತಿ ನೋಡಲಿಲ್ಲ. ಬೆಳಕಿಂಡಿ ಮುಚ್ಚುವ ಕೆಲಸ ಆಳಿಗೆ ಹೋಯಿತು. ಮುಂದಿನ ಆಟಕ್ಕೆ ರಾಘು ಮತ್ತೆ ಮುಂದೆ, ಅತ್ತೂ ಕರೆದೂ ಬೇಡವೆಂದರೂ. ಗೋಲಿಗೆ ಬೇರೊಬ್ಬ. ಕಲ್ಲಪ್ಪನಿಗೆ ತಂಡದಲ್ಲಿ ಜಾಗವೇ ಇಲ್ಲ. ಅವನು ಕಾರಣ ಕೇಳಲು ನಮ್ಮ ಕಟ್ಟೆಯವರೆಗೆ ಬಂದಿದ್ದ.

"ನಾ ಏನ್ ತಪ್ಪು ಮಾಡೇನ್ರಿ, ಸಾಹೇಬ್ರ?" ಎಂದು ಒಂದೇ ಮಾತು ಎರಡು ಸಲ ಕೇಳಿದ. ಅಪ್ಪ ಕಾಗದದಿಂದ ಕಣ್ಣು ತೆಗೆಯಲಿಲ್ಲ. ನನಗೆ ನಾಚಿಕೆಯಾಗಿ ಒಳಗೆ ಓಡಿಹೋದೆ.

ಹದಿನೈದು ದಿನದಲ್ಲಿ ಕಲ್ಲಪ್ಪ ರಾಯಾಪುರದ ತಂಡ ಸೇರಿದ.

ಅತ್ತೆ ಅಪ್ಪನೊಡನೆ ಮಾತು ಬಿಟ್ಟಳು. ಬಡಿಸುವುದಿದ್ದರೆ ಬಡಿಸಿದಳು, ಅಷ್ಟೇ. ಶ್ರಾವಣ ಕಳೆದು ಕೆಂಪಂಗಿಯವರಿಗೂ ರಾಯಾಪುರದವರಿಗೂ ಮೂರನೆಯ ಸಲ ಆಟ ಬಿತ್ತು. ನಾನು ಮೈದಾನದ ಅಂಚಿಗೆ ಹೋಗಿ ನಿಂತು ನೋಡಿದೆ. ಕಲ್ಲಪ್ಪ ನಾಲ್ಕು ಗೋಲು ಹಾಕಿದ. ನಮ್ಮ ಓಣಿಯವಳಾಗಿ ನಾನು ಅಳಬೇಕಿತ್ತು. ಪ್ರತಿ ಗೋಲಿಗೂ ಮೈ ಜುಮ್ಮೆಂದಿತು. ಓಡಿಬಂದು ಅತ್ತೆಗೆ ಒಂದೊಂದನ್ನೂ ಹೇಗೆ ಹಾಕಿದನೆಂದು ಕೈಕಾಲು ಆಡಿಸಿ ತೋರಿಸಿದೆ. ಅವಳು ಎಲ್ಲವನ್ನೂ ಕೇಳಿ, ಡಬ್ಬಿಯಿಂದ ಶಾವಿಗೆ ತೆಗೆದಳು.

ಅಂದು ಊಟಕ್ಕೆ ಪಾಯಸ. ತುಪ್ಪದಲ್ಲಿ ಹುರಿದ ಗೋಡಂಬಿ, ಯಾಲಕ್ಕಿ, ಯಾವುದೂ ಕಡಿಮೆಯಿಲ್ಲ. ಅಪ್ಪ ಎಲೆ ನೋಡಿ ಕೇಳಿದರು, "ಇವತ್ತ ಏನ ಹಬ್ಬ?"

ಎರಡು ತಿಂಗಳ ಮೇಲೆ ಅತ್ತೆ ಬಾಯಿ ತೆರೆದಳು. "ರಾಯಾಪುರದವರಿಗೆ ಹಬ್ಬ," ಎಂದು ಇನ್ನೊಂದು ಸೌಟು ಬಡಿಸಿದಳು. ರಾಘು ತಲೆ ತಗ್ಗಿಸಿ ನಗು ನುಂಗಿದ. ಅಪ್ಪ ಎಲೆಯಲ್ಲಿದ್ದದ್ದನ್ನೆಲ್ಲ ತಿಂದೆದ್ದರು.

ಆ ಗೋಡೆಗೆ ಅಪ್ಪನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅವರು ಹೋಗಿ ಎಷ್ಟೋ ಕಾಲವಾಯಿತು, ಆದರೂ. ಮದುವೆಯಾಗಿ ಮುಂಬಯಿಗೆ ಹೋದ ಮೇಲೆ ಗಂಡನ ಜೊತೆ ಕುರ್ಚಿಯ ಮೇಲೆ ಕುಳಿತು ಎಷ್ಟೋ ದೊಡ್ಡ ಆಟಗಳನ್ನು ನೋಡಿದೆ. ಸುತ್ತ ಕುಳಿತವರೆಲ್ಲ ಬಲ್ಲವರಂತೆ ಮಾತಾಡುತ್ತಿದ್ದರು. ಯಾರ ಮಾತೂ ನನಗೆ ರುಚಿಸಲಿಲ್ಲ, ಯಾರಿಗೂ ಆಟ ಅಷ್ಟು ಬೇಗ ಕಾಣುತ್ತಿರಲಿಲ್ಲ. ಹುಬ್ಬಳ್ಳಿಗೆ ಬಂದಾಗ ಅತ್ತೆಗೆ ಹೇಳಲೆಂದು ಕೆಲವನ್ನು ನೆನಪಿಟ್ಟುಕೊಂಡು ಬರುತ್ತಿದ್ದೆ. ಮೊದಮೊದಲು ಕೇಳಿದಳು. ಆಮೇಲೆ ಒಂದು ಸಲ, "ಬ್ಯಾಡ ಬಿಡು ಇಂದೂ, ಕೇಳಿದ್ರ ನೋಡಬೇಕನಸ್ತದ," ಎಂದಳು. ಮತ್ತೆ ನಾನು ಹೇಳಲಿಲ್ಲ.

ಅವಳು ಎಪ್ಪತ್ತು ದಾಟಿ ಬದುಕಿದಳು. ಅಷ್ಟು ಉದ್ದದ ಆಯುಷ್ಯದಲ್ಲಿ ಅವಳ ಪಾಲಿಗೆ ಬಂದದ್ದು ಅರ್ಧ ಮಳೆಗಾಲ.